ರೇಸ್ ಇಲ್ಲದ ದಿನದ ಸದ್ದು

ಕೇಳುಗರೇ, ನಮಸ್ಕಾರ.

ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರು ರಾಷ್ಟ್ರೀಯ ಮಟ್ಟದ ಬೈಕ್ ರೇಸ್‌ಗೆ ಇಳಿಯಬೇಕು ಅಂದರೆ ಇವತ್ತಿಗೂ ಹೆಚ್ಚಾಗಿ ತಮಿಳುನಾಡಿಗೇ ಹೋಗಬೇಕು. ಒಂದೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ನಮ್ಮಲ್ಲೂ ಅಂಥದ್ದೊಂದು ದೊಡ್ಡ ಟ್ರ್ಯಾಕ್ ಆಗಲಿ ಅನ್ನುವ ಆಸೆ ನನಗೂ ಇದೆ. ಇಂಜಿನ್ ಸದ್ದು ಕೇಳಿದರೆ ಕಿವಿ ನೆಟ್ಟಗಾಗುವ ಜಾತಿ ನನ್ನದು. ಆದರೆ ಟ್ರ್ಯಾಕ್ ಕಟ್ಟುವುದು ಒಂದು ಮಾತು, ಅದನ್ನು ವರ್ಷವಿಡೀ ನಡೆಸುವುದು ಬೇರೆಯದೇ ಮಾತು. ಇವತ್ತು ಆ ಎರಡನೆಯ ಮಾತನ್ನು ಆಡೋಣ ಅಂತ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಅಂತ ಒಂದು ಕಡಲತೀರದ ಊರು. ಅದರ ಪಕ್ಕದ ಪೆಬಲ್ ಬೀಚ್‌ನಲ್ಲಿ 1950ರ ದಶಕದಲ್ಲಿ ಕಾಡಿನ ನಡುವಿನ ರಸ್ತೆಯ ಮೇಲೇ ಕಾರ್ ರೇಸ್ ನಡೆಯುತ್ತಿತ್ತು. 1956ರಲ್ಲಿ ಎರ್ನಿ ಮೆಕಾಫಿ ಎಂಬ ಡ್ರೈವರ್ ಮರಕ್ಕೆ ಗುದ್ದಿ ತೀರಿಕೊಂಡರು. ಕಾಡಿನಲ್ಲಿ ರೇಸ್ ಅಲ್ಲಿಗೆ ನಿಂತಿತು. ಆಗ ಊರಿನವರೇ ಸೇರಿ ಸ್ಕ್ರಾಂಪ್ ಅಂತ ಒಂದು ಸಂಘ ಕಟ್ಟಿದರು, ದುಡ್ಡು ಒಟ್ಟುಮಾಡಿದರು, ಹತ್ತಿರದ ಸೇನಾ ನೆಲೆಯ ಜಾಗವನ್ನು ಗುತ್ತಿಗೆಗೆ ಪಡೆದರು. 1957ರ ನವೆಂಬರ್‌ನಲ್ಲಿ ಮೊದಲ ರೇಸ್ ನಡೆದೇಬಿಟ್ಟಿತು. ಅದೇ ಲಗೂನಾ ಸೆಕಾ.

ಅಲ್ಲಿನ ಒಂದು ತಿರುವಿನ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಹೆಸರು ಕಾರ್ಕ್‌ಸ್ಕ್ರೂ. ಏರು ಹತ್ತಿ ನೆತ್ತಿಗೆ ಬಂದಾಗ ಡ್ರೈವರ್‌ಗೆ ಮುಂದಿನ ರಸ್ತೆ ಕಾಣುವುದೇ ಇಲ್ಲ. ಕಾಣದ ರಸ್ತೆಯನ್ನು ನಂಬಿ ಎಡಕ್ಕೆ ತಿರುಗಿಸಬೇಕು, ತಿರುಗಿಸುತ್ತಿದ್ದ ಹಾಗೆ ನೆಲ ಕಾಲಡಿಯಿಂದ ಜಾರುತ್ತದೆ, ಆ ಜಾರಿಕೆಯಲ್ಲೇ ಬಲಕ್ಕೆ ಎಳೆಯಬೇಕು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸುಮಾರು 18 ಮೀಟರ್ ಕೆಳಗೆ ಇಳಿದಿರುತ್ತಾರೆ. ಆರಂತಸ್ತಿನ ಕಟ್ಟಡದಷ್ಟು. ಜಗತ್ತಿನ ರೇಸ್ ಪ್ರೇಮಿಗಳೆಲ್ಲ ಒಮ್ಮೆ ನೋಡಬೇಕು ಅಂದುಕೊಳ್ಳುವ ಜಾಗ ಅದು.

ಇಂಥ ಜಾಗಕ್ಕೂ ಆಡಳಿತದ ತಾಪತ್ರಯ ತಪ್ಪಲಿಲ್ಲ. 1974ರಲ್ಲಿ ನೆಲ ಸೇನೆಯ ಕೈಯಿಂದ ಮಾಂಟೆರೆ ಕೌಂಟಿಯ ಕೈಗೆ ಬಂತು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲಾ ಪಂಚಾಯಿತಿಯ ಹಾಗೆ ಅಂದುಕೊಳ್ಳಿ. ಜಾಗ ಕೌಂಟಿಯದು, ನಡೆಸುವುದು ಸಂಘ. ಬಾವುಟ ಹಿಡಿಯುವವರು, ಜನರಿಗೆ ದಾರಿ ತೋರಿಸುವವರು, ಹೀಗೆ ಎಷ್ಟೋ ಕೆಲಸ ಮಾಡುತ್ತಿದ್ದವರು ಸ್ವಯಂಸೇವಕರು. ಅಪ್ಪ ಮಾಡಿದ ಕೆಲಸವನ್ನು ಮಗಳು ಮಾಡುವಂಥ ನಂಟು. ಆದರೆ ಟಾರು ಕಿತ್ತುಹೋದರೆ, ಸೇತುವೆ ಹಳೆಯದಾದರೆ ದುಡ್ಡು ಹಾಕಬೇಕಾದವರು ಯಾರು? ಇದು ನಮ್ಮ ಊರಿನ ಮೈದಾನಗಳಲ್ಲೂ ಕೇಳಿ ಕೇಳಿ ಸಾಕಾದ ಪ್ರಶ್ನೆ, ಅಲ್ವಾ? 2013ರ ನಂತರ ಬೈಕುಗಳ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋ ಜಿಪಿ ರೇಸ್ ಅಲ್ಲಿಗೆ ಬರುವುದು ನಿಂತಿತು. ಕೌಂಟಿಯವರು ಹೊರಗಿನ ದೊಡ್ಡ ಕಂಪನಿಯೊಂದರ ಜೊತೆ ಮಾತುಕತೆ ನಡೆಸಿದರು, ಅದು ಕುದುರಲಿಲ್ಲ. ಕೊನೆಗೆ 2019 ಮುಗಿಯುವ ಹೊತ್ತಿಗೆ ಸಂಘವನ್ನು ಬಿಟ್ಟು ಬೇರೊಬ್ಬರಿಗೆ ಆಡಳಿತ ಕೊಟ್ಟರು. ಕಟ್ಟಿದವರೇ ಅರವತ್ತು ವರ್ಷದ ಮೇಲೆ ಹೊರಗಾದರು. ಯಾರ ಕಡೆ ನ್ಯಾಯ ಎಷ್ಟಿತ್ತೋ, ಅದು ಲೆಕ್ಕದ ಪುಸ್ತಕ ನೋಡಿದವರು ಹೇಳಬೇಕಾದ ಮಾತು. ಆದರೆ ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಬಾವುಟ ಬೀಸಿದವರಿಗೆ ಹೇಗನ್ನಿಸಿರಬೇಕು ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಟಿವಿಯಲ್ಲಿ ನಾವು ನೋಡುವ ದೊಡ್ಡ ರೇಸ್‌ಗಳು ವರ್ಷಕ್ಕೆ ಕೆಲವೇ ವಾರಾಂತ್ಯ. ಅವುಗಳನ್ನು ಕರೆಸಿಕೊಳ್ಳುವುದಕ್ಕೇ ಭಾರಿ ಶುಲ್ಕ ಕಟ್ಟಬೇಕು. ಹಾಗಾಗಿ ಟ್ರ್ಯಾಕ್‌ನ ಅಡುಗೆಮನೆ ನಡೆಯುವುದು ಉಳಿದ ದಿನಗಳ ಬಾಡಿಗೆಯಿಂದ. ಸ್ವಂತ ಕಾರು ತಂದು ಓಡಿಸುವ ಶೋಕಿಯವರು, ಡ್ರೈವಿಂಗ್ ಸ್ಕೂಲ್‌ಗಳು, ಹೊಸ ಗಾಡಿ ಪರೀಕ್ಷೆ ಮಾಡುವ ಕಂಪನಿಗಳು. ಅಕ್ಕಪಕ್ಕದ ಮನೆಯವರನ್ನು ಕೇಳಿ ನೋಡಿ. ಜಾತ್ರೆಯಂಥ ದೊಡ್ಡ ರೇಸ್‌ನ ಗಲಾಟೆಯನ್ನು ಅವರು ಹೇಗೋ ಸಹಿಸುತ್ತಾರೆ. ಸಾಮಾನ್ಯ ಮಂಗಳವಾರ, ಬುಧವಾರ ಬೆಳಗ್ಗೆಯಿಂದ ಸಂಜೆವರೆಗೆ ಬಿಡದೆ ಬರುವ ಗುಂಯ್‌ಗುಡುವಿಕೆ ಇದೆಯಲ್ಲ, ಅದು ತಲೆ ತಿನ್ನುತ್ತದೆ. ಅಂದರೆ ಆಡಳಿತದವರ ದುಡ್ಡಿನ ಕಷ್ಟ, ನೆರೆಯವರ ಕಿವಿಯ ಕಷ್ಟ ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಬಾಡಿಗೆ ದಿನ ಜಾಸ್ತಿಯಾದರೆ ಜಗಳ, ಕಡಿಮೆಯಾದರೆ ಸಾಲ. ನಡೆಸುವವನಿಗೆ ಅತ್ತ ದರಿ, ಇತ್ತ ಪುಲಿ.

ಲಗೂನಾ ಸೆಕಾದಲ್ಲಿ ಟ್ರ್ಯಾಕ್ ಪಕ್ಕ ಸದ್ದು ಅಳೆಯುವ ಒಂದು ಬೂತ್ ಇದೆ. ಹೆಚ್ಚಿನ ಬಾಡಿಗೆ ದಿನಗಳಲ್ಲಿ ಮಿತಿ 90 ಡೆಸಿಬೆಲ್ ಆಸುಪಾಸು. ಮೀರಿದರೆ ಕಪ್ಪು ಬಾವುಟ, ಗಾಡಿ ಒಳಗೆ. ಅದಕ್ಕೆ ಡ್ರೈವರ್‌ಗಳು ಸೈಲೆನ್ಸರ್ ಬಾಯಿಗೆ ಸೊಟ್ಟ ಪೈಪು ಸಿಕ್ಕಿಸಿ ಸದ್ದನ್ನು ಬೂತ್‌ನಿಂದ ಆಚೆಗೆ ತಿರುಗಿಸುತ್ತಾರೆ. ಬೂತ್ ಬಂದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾರೆ, ದಾಟಿದ ಕೂಡಲೇ ಒತ್ತುತ್ತಾರೆ. ಮೀಟರ್ ಸುಮ್ಮನಿರುತ್ತದೆ, ಗುಡ್ಡದಾಚೆಯ ಮನೆಯ ಕಿಟಕಿ ಸುಮ್ಮನಿರುವುದಿಲ್ಲ.

ಇದೇ ಜಗಳ ಕೋರ್ಟ್ ಮೆಟ್ಟಿಲು ಹತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿಗೆ ಹೋಗೋಣ. ಸಫೋಕ್ ಪ್ರಾಂತ್ಯದ ಮಿಲ್ಡನ್‌ಹಾಲ್. ಚಪ್ಪಟೆ ಬಯಲು ಸೀಮೆ, ತಡೆಯಲು ಗುಡ್ಡವಿಲ್ಲ, ಸದ್ದು ಸಲೀಸಾಗಿ ಹರಿಯುತ್ತದೆ. ಅಲ್ಲಿ 1975ರಲ್ಲಿ ಅನುಮತಿ ಪಡೆದು ಸ್ಪೀಡ್‌ವೇ ಕ್ರೀಡಾಂಗಣ ಕಟ್ಟಿದರು. ಇಲ್ಲಿ ಸ್ಪೀಡ್‌ವೇ ಅಂದರೆ ಒಂದು ಬಗೆಯ ಬೈಕ್ ರೇಸ್: ಬ್ರೇಕೇ ಇಲ್ಲದ ಬೈಕುಗಳು, ಒಂದೇ ಗೇರು, ನಾಲ್ಕು ಜನ, ನಾಲ್ಕು ಸುತ್ತು. ಊರಿನ ತಂಡದ ಹೆಸರು ಫೆನ್ ಟೈಗರ್ಸ್. ಆಮೇಲೆ ಹಳೇ ಕಾರುಗಳ ರೇಸ್ ಸೇರಿಕೊಂಡಿತು. 1990ರ ದಶಕದಲ್ಲಿ ಕ್ರೀಡಾಂಗಣದ ಹಿಂಭಾಗದಲ್ಲಿ ಮೋಟೋಕ್ರಾಸ್, ಅಂದರೆ ಮಣ್ಣಿನ ಉಬ್ಬುತಗ್ಗಿನ ಬೈಕ್ ರೇಸ್‌ನ ಟ್ರ್ಯಾಕ್ ಕೂಡ ಬಂತು.

2006ರಲ್ಲಿ ಒಂದು ಜೋಡಿ ಅಲ್ಲಿಂದ ಅರ್ಧ ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಮನೆ ಕೊಂಡರು. ಸದ್ದು ತಡೆಯಲಾರದೆ ಮೊದಲು ಸ್ಥಳೀಯ ಆಡಳಿತಕ್ಕೆ ದೂರು ಕೊಟ್ಟರು. ಆಡಳಿತ ನೋಟಿಸ್ ಕೊಟ್ಟು ಕೆಲವು ಕೆಲಸ ಮಾಡಿಸಿತು. ಅದು ಸಾಲದೆ ಕೋರ್ಟಿಗೆ ಹೋದರು. 2011ರಲ್ಲಿ ಹೈಕೋರ್ಟ್‌ನಲ್ಲಿ ಗೆದ್ದರು, ಮರುವರ್ಷ ಮೇಲ್ಮನವಿಯಲ್ಲಿ ಸೋತರು, 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಮತ್ತೆ ಗೆದ್ದರು. ಟ್ರ್ಯಾಕ್ ಮೊದಲಿತ್ತು, ನೀವು ಆಮೇಲೆ ಬಂದಿರಿ, ಸಹಿಸಿಕೊಳ್ಳಿ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ. ಮೊದಲಿನಿಂದ ಮನೆಯಾಗಿದ್ದದ್ದನ್ನು ಮನೆಯಾಗಿಯೇ ಬಳಸುವವರಿಗೆ ದೂರುವ ಹಕ್ಕು ಇದ್ದೇ ಇದೆ ಎಂದಿತು ಕೋರ್ಟ್. ಸರ್ಕಾರಿ ಅನುಮತಿ ಇದೆ ಅನ್ನುವ ಒಂದೇ ಕಾರಣಕ್ಕೆ ನೆರೆಯವರಿಗೆ ತೊಂದರೆ ಕೊಡುವ ಪರವಾನಗಿ ಸಿಕ್ಕಂತಲ್ಲ ಎಂದೂ ಹೇಳಿತು. ಇದು ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ.

ಆದರೆ ಖರ್ಚು ನೋಡಿ. ಆ ಮನೆಯ ಬೆಲೆಯೇ 3 ಲಕ್ಷ ಪೌಂಡಿಗಿಂತ ಕಡಿಮೆ. ಸದ್ದಿನಿಂದ ಬೆಲೆಯಲ್ಲಿ ಆದ ನಷ್ಟ ಹೆಚ್ಚೆಂದರೆ 74 ಸಾವಿರ ಪೌಂಡು. ಗೆದ್ದವರ ಕಡೆಯ ಮೂಲ ಖರ್ಚೇ ಸುಮಾರು 4 ಲಕ್ಷ, ವಕೀಲರ ಹೆಚ್ಚುವರಿ ಫೀಸು, ವಿಮೆ ಎಲ್ಲ ಸೇರಿ 10 ಲಕ್ಷ ಪೌಂಡಿಗೂ ಮೇಲೆ. ಮೂಗಿಗಿಂತ ಮೂಗುತಿ ಭಾರ. ಅದರಲ್ಲಿ ದೊಡ್ಡ ಪಾಲು ಸೋತ ಟ್ರ್ಯಾಕ್‌ನವರ ತಲೆಗೆ ಬಂತು. ಈ ನಡುವೆ 2010ರಲ್ಲೇ ಆ ಮನೆಗೆ ಬೆಂಕಿ ಬಿದ್ದು ವಾಸಕ್ಕೆ ಇಲ್ಲದಂತಾಗಿತ್ತು. ಕೋರ್ಟಿನ ನ್ಯಾಯಮೂರ್ತಿ ಲಾರ್ಡ್ ನ್ಯೂಬರ್ಗರ್ ಅವರೇ ಈ ಖರ್ಚಿನ ಬಗ್ಗೆ ಬೇಸರ ತೋಡಿಕೊಂಡಿದ್ದರು.

ಹಾಗಾಗಿ ನಾನು ಕೇಳುವುದು ಇಷ್ಟೇ. ನಮ್ಮಲ್ಲಿ ಟ್ರ್ಯಾಕ್ ಕಟ್ಟುವುದಾದರೆ ದಿನಗಳ ಲೆಕ್ಕವನ್ನು ಮೊದಲೇ ಬರೆದಿಡಿ. ಜೋರು ಸದ್ದಿನ ದಿನ ವರ್ಷಕ್ಕೆ ಎಷ್ಟು, ಪೂರ್ತಿ ರಜೆಯ ದಿನ ಯಾವುದು, ಬಾಡಿಗೆ ಪಟ್ಟಿಯನ್ನು ಊರವರು ನೋಡಬಹುದೇ. ಇಂಗ್ಲೆಂಡಿನದೇ ಕ್ರಾಫ್ಟ್ ಸರ್ಕ್ಯೂಟ್‌ನಲ್ಲಿ ಹೆಚ್ಚು ಸದ್ದಿನ ದಿನಗಳನ್ನು ವರ್ಷಕ್ಕೆ 40ಕ್ಕೆ ಇಳಿಸಿದ್ದು 2009ರಲ್ಲಿ ಮೇಲ್ಮನವಿ ನ್ಯಾಯಾಲಯ. ಅದೇ 40ನ್ನು ಊರಿನ ಸಭೆಯಲ್ಲಿ ಕೂತು ಒಪ್ಪಿಕೊಂಡಿದ್ದರೆ ವಕೀಲರ ಫೀಸಿನಲ್ಲಿ ಗಾರ್ಡ್‌ರೇಲ್ ಹಾಕಿಸಬಹುದಿತ್ತು.

ಲಗೂನಾ ಸೆಕಾಕ್ಕೆ 2023ರಲ್ಲಿ ಹೊಸ ಟಾರು ಬಿತ್ತು, ಹೊಸ ಸೇತುವೆ ಬಂತು. ಅದೇ ವರ್ಷ ಲಾಭದ ಉದ್ದೇಶವಿಲ್ಲದ ಹೊಸ ಸಂಸ್ಥೆಯೊಂದಕ್ಕೆ ಕೌಂಟಿ 55 ವರ್ಷಗಳ ಒಪ್ಪಂದ ಬರೆದುಕೊಟ್ಟಿತು. ಡಿಸೆಂಬರ್‌ನಲ್ಲಿ ಹೆದ್ದಾರಿ ಪಕ್ಕದ ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. ದೂರಿನಲ್ಲಿ ಇದ್ದದ್ದು ಸದ್ದು, ವಾಹನ ದಟ್ಟಣೆ, ಮತ್ತೆ ಹೆಚ್ಚುತ್ತಿರುವ ಬಾಡಿಗೆ ದಿನಗಳು.

ನಮಸ್ಕಾರ.