ಈ ಚಿತ್ರ ಬಿಡಿಸಲು ಯಾರ ಒಪ್ಪಿಗೆ ಬೇಕು?

ನಮಸ್ಕಾರ. ಒಂದು ಚಿತ್ರ ಕಂಡ ಕೂಡಲೇ ನಾವು ಕೇಳುವುದು, ಚೆನ್ನಾಗಿದೆಯಾ? ಇದರ ಅರ್ಥ ಏನು? ಸಮಾಜಶಾಸ್ತ್ರದವರ ಪ್ರಶ್ನೆಗಳೇ ಬೇರೆ. ಬಣ್ಣ ತಂದುಕೊಟ್ಟವರು ಯಾರು? ದುಡ್ಡು ಕೊಟ್ಟವರು ಯಾರು? ಬಿಡಿಸು ಅಂದವರು ಯಾರು? ಇದನ್ನು ಕಲೆ ಅಂತ ಒಪ್ಪಿದವರು ಯಾರು? ಅಮೆರಿಕದ ಹೊವಾರ್ಡ್ ಬೆಕರ್ ಈ ಜನರನ್ನೆಲ್ಲ ಸೇರಿಸಿ 'ಕಲಾಲೋಕ' ಎಂದು ಕರೆದರು. ಅವರ ಪ್ರಕಾರ ಯಾವ ಕಲಾಕೃತಿಯೂ ಒಬ್ಬನೇ ಮಾಡಿದ್ದಲ್ಲ.

ಈ ಮಾತನ್ನು ಒಂದೇ ಒಂದು ಊರಲ್ಲಿ ಪರೀಕ್ಷೆ ಮಾಡೋಣ.

(ಪರದೆಯಲ್ಲಿ: ಆಸ್ಟ್ರೇಲಿಯಾ ನಕ್ಷೆ. ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕೆ ಪಾಪುನ್ಯಾ)

ಮರುಭೂಮಿಯ ಮೂಲನಿವಾಸಿಗಳನ್ನು ಅವರವರ ನೆಲದಿಂದ ತಂದು ಸರ್ಕಾರ ಕೂರಿಸಿದ ಊರು ಇದು. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ಇಲ್ಲಿನ ಶಾಲೆಗೆ ಬಂದರು. ಊರಿನ ಹಿರಿಯರು ಶಾಲೆಯ ಗೋಡೆ ಮೇಲೆ ಜೇನಿರುವೆಯ ಕಥೆ ಬಿಡಿಸಲು ಮುಂದಾದರು. ಕಾಪಾ ಎಂಬ ಕಲಾವಿದ ಮೊದಲು ಇರುವೆಯನ್ನು ಬಿಳಿಯರು ಬಿಡಿಸುವ ಹಾಗೆ ಬಿಡಿಸಿದ. ಇದು ನಿಮ್ಮ ಇರುವೆಯೇನಾ ಅಂತ ಮೇಷ್ಟ್ರು ಕೇಳಿದರು. ಆಮೇಲೆ ಕಾಪಾ ಅದನ್ನು ಅಳಿಸಿ ತಮ್ಮವರ ಗುರುತುಗಳಲ್ಲೇ ಇರುವೆಯನ್ನು ಬರೆದ. ಮರುವರ್ಷವೇ ಕಲಾವಿದರು ತಮ್ಮದೇ ಒಂದು ಕಂಪನಿ ಕಟ್ಟಿದರು. ಅದೇ ಪಾಪುನ್ಯಾ ತುಲಾ.

ಇಲ್ಲಿ ಕೈಚಳಕ ಇದ್ದರೆ ಸಾಲದು. ಒಂದೊಂದು ಕಥೆಯೂ ಒಂದೊಂದು ಜಾಗಕ್ಕೆ ಸೇರಿದ್ದು. ಆ ಜಾಗದ ಮೇಲೆ ಸಂಪ್ರದಾಯದ ಪ್ರಕಾರ ಹಕ್ಕು ಇರುವವರು ಮಾತ್ರ ಅದನ್ನು ಬಿಡಿಸಬಹುದು. ಅವರು ಸರಿಯಾಗಿ ಬಿಡಿಸುತ್ತಾರಾ ಅಂತ ನೋಡಿಕೊಳ್ಳಲು ಬೇರೆ ನೆಂಟರೂ ಇರುತ್ತಾರೆ. ಮೊದಮೊದಲ ಚಿತ್ರಗಳಲ್ಲಿ ಗುಟ್ಟಾಗಿಡಬೇಕಾದ ಪವಿತ್ರ ವಸ್ತುಗಳೂ ಕಾಣುತ್ತಿದ್ದವು. ದೀಕ್ಷೆ ಇಲ್ಲದವರೂ ಅದನ್ನೆಲ್ಲ ನೋಡುತ್ತಾರಲ್ಲ ಅಂತ ಅಕ್ಕಪಕ್ಕದ ಸಮುದಾಯಗಳು ಸಿಟ್ಟಾದವು. ಆಮೇಲೆ ಅವುಗಳ ಮೇಲೆ ಚುಕ್ಕಿಗಳು ಜಾಸ್ತಿಯಾದವು. ಇವತ್ತು ಜಗತ್ತು 'ಶೈಲಿ' ಅಂತ ಮೆಚ್ಚುವ ಆ ಚುಕ್ಕಿಗಳು ಒಂದು ಪರದೆಯೂ ಹೌದು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಮುಖ್ಯ ಅನ್ನಿಸುವುದು ಇದೇ. ಬರೀ ಚೌಕಟ್ಟಿನ ಒಳಗೆ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಇದೇ ಪಾಪುನ್ಯಾದ ಕಲಾವಿದ ಕ್ಲಿಫರ್ಡ್ ಪೋಸಮ್ 1977ರಲ್ಲಿ 'ವಾರ್ಲುಗುಲಾಂಗ್' ಬರೆದರು. ಕಾಂಗರೂ ಬೇಟೆಯಲ್ಲಿ ತಂದೆಗೆ ಪಾಲು ಕೊಡದ ಇಬ್ಬರು ಮಕ್ಕಳು, ಅವರನ್ನು ಸುಟ್ಟ ಬೆಂಕಿ, ಅದರ ಕಥೆ. ಒಂದು ಬ್ಯಾಂಕ್ ಅದನ್ನು 1,200 ಡಾಲರಿಗೆ ಕೊಂಡು ತನ್ನ ಕ್ಯಾಂಟೀನಿನಲ್ಲಿ ತೂಗುಹಾಕಿತು. 2007ರ ಹರಾಜಿನಲ್ಲಿ ಅದೇ ಚಿತ್ರಕ್ಕೆ 24 ಲಕ್ಷ ಆಸ್ಟ್ರೇಲಿಯನ್ ಡಾಲರ್! ಅಷ್ಟರಲ್ಲಿ ಕ್ಲಿಫರ್ಡ್ ತೀರಿಕೊಂಡು ಐದು ವರ್ಷ ಆಗಿತ್ತು. ಮರುಮಾರಾಟದಲ್ಲಿ ಕಲಾವಿದರಿಗೆ ಶೇ. 5 ಪಾಲು ಕೊಡುವ ಕಾನೂನು ಜಾರಿಗೆ ಬಂದಿದ್ದು 2010ರಲ್ಲಿ. ಇದು ಅನ್ಯಾಯ ಅಲ್ವಾ?

ಚಿತ್ರ ಅದೇ, ನೋಡುವವರು ಬೇರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯೂ 1960ರ ದಶಕದಲ್ಲಿ ಯುರೋಪಿನ ಮ್ಯೂಸಿಯಂಗಳಿಗೆ ಬರುವವರ ಸಮೀಕ್ಷೆ ಮಾಡಿದ್ದರು. ಬರುವವರಲ್ಲಿ ಓದಿದವರೇ ಹೆಚ್ಚು. ಮೆಚ್ಚುವುದೂ ಮನೆ, ಶಾಲೆಗಳಲ್ಲಿ ಕಲಿತದ್ದು ಎಂದರು ಅವರು.

ಆದರೆ ಬೆಕರ್ ಅವರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ನೆಲ. ಈ ಕಲಾವಿದರನ್ನು ಕೇಳಿದರೆ ಮೊದಲು ಹೇಳುವುದು ಅದನ್ನೇ.

(ಪರದೆಯಲ್ಲಿ: ನೆಲದ ಮೇಲೆ ಹಾಸಿದ ದೊಡ್ಡ ಕ್ಯಾನ್ವಾಸ್)

ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಮೂಲನಿವಾಸಿಗಳು 1997ರಲ್ಲಿ 8 ಮೀಟರ್ ಅಗಲ, 10 ಮೀಟರ್ ಉದ್ದದ ಚಿತ್ರ ಬರೆದರು. ನೆಲದ ಹಕ್ಕಿನ ವಿಚಾರಣೆಗೆ ಅದೇ ಸಾಕ್ಷಿ. ಒಬ್ಬೊಬ್ಬರೂ ತಾವು ಬರೆದ ಜಾಗದ ಮೇಲೆ ನಿಂತು ತಮ್ಮ ಭಾಷೆಯಲ್ಲಿ ಮಾತಾಡಿದರು. ಅವರ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2007ರಲ್ಲಿ, ಆ ಹರಾಜು ನಡೆದ ವರ್ಷವೇ.