ಕನ್ಸೋಲ್‌ಗೆ ಇನ್ನೆಷ್ಟು ಆಯುಸ್ಸು? ಕೊಡಗಿನಲ್ಲಿ ಕೊಳ್ಳುವ ಮುಂಚೆ ಮಾಡಬೇಕಾದ ಲೆಕ್ಕ

[ದೃಶ್ಯ: ಮೇಜಿನ ಮೇಲೆ ಎರಡು ಪಿಎಸ್5. ಒಂದಕ್ಕೆ ಡಿಸ್ಕ್ ಡ್ರೈವ್ ಇದೆ, ಇನ್ನೊಂದಕ್ಕಿಲ್ಲ. ಕಿಟಕಿಯಾಚೆ ಜಡಿಮಳೆ.]

ನಿರೂಪಣೆ:

ನಮಸ್ಕಾರ. ಕಾಫಿ ಮಾರಿ ದುಡ್ಡು ಕೈಗೆ ಬರುವ ಹೊತ್ತಿಗೆ ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಮನೆಗಳಲ್ಲಿ ಮಕ್ಕಳು ಶುರು ಮಾಡುತ್ತಾರೆ: ಪ್ಲೇಸ್ಟೇಷನ್ ಬೇಕು. ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಪೆಟ್ಟಿಗೆ ಅದು, ಚಿಕ್ಕದಾಗಿ ಪಿಎಸ್. ಅಪ್ಪಂದಿರ ಪ್ರಶ್ನೆಯೂ ನ್ಯಾಯವೇ: ಅರ್ಧ ಲಕ್ಷ ಸುರಿದ ಮೇಲೆ ಇನ್ನೆರಡು ವರ್ಷದಲ್ಲಿ ಇದು ಮೂಲೆ ಸೇರುತ್ತದಾ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಪೆಟ್ಟಿಗೆ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ, ಆದರೆ ಡಿಸ್ಕ್ ಹೋಗುತ್ತಿದೆ. ಬೆಂಗಳೂರಿನವರಿಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ. ಮಳೆಗಾಲದಲ್ಲಿ ನೆಟ್ಟು, ಕರೆಂಟು ಎರಡೂ ಕೈಕೊಡುವ ನಮ್ಮ ಊರಿಗೆ ನಷ್ಟ ಇದೆ.

[ತೆರೆಯ ಮೇಲೆ: ಪಿಎಸ್2 ಬೆಲೆ. 2000: 299 ಡಾಲರ್, 2002: 199, 2009: 99]

ಬೆಲೆಯಿಂದ ಶುರು ಮಾಡೋಣ. ಕನ್ಸೋಲ್ ವಿಷಯದಲ್ಲಿ ಕಾದವನಿಗೆ ಯಾವಾಗಲೂ ಲಾಭವಿತ್ತು. ಪಿಎಸ್2 ಅಮೆರಿಕದಲ್ಲಿ 299 ಡಾಲರ್‌ಗೆ ಬಂದು ಒಂಬತ್ತು ವರ್ಷದಲ್ಲಿ 99ಕ್ಕೆ ಇಳಿಯಿತು. 16 ಕೋಟಿ ಪೆಟ್ಟಿಗೆ ಮಾರಾಟವಾಗಿದ್ದು ಹಾಗೆ. ಪಿಎಸ್5 ಪೂರಾ ಉಲ್ಟಾ. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990. 2022ರಲ್ಲಿ ಎರಡಕ್ಕೂ 5,000 ಏರಿತು. ಅಮೆರಿಕದಲ್ಲೂ 499 ಡಾಲರ್‌ನ ಡಿಸ್ಕ್ ಮಾದರಿ 2025ರ ಆಗಸ್ಟ್‌ನಲ್ಲಿ 549 ದಾಟಿತು.

ಕಾರಣ ಎರಡು. ಚಿಪ್ಪನ್ನು ಚಿಕ್ಕದು ಮಾಡಿದರೆ ಹಿಂದಿನಂತೆ ಖರ್ಚು ಇಳಿಯುತ್ತಿಲ್ಲ. ಪಿಎಸ್5 ಒಳಗೆ 16 ಜಿಬಿ ಮೆಮೊರಿ ಬೇಕು; ಎಐ ಡೇಟಾ ಸೆಂಟರ್‌ಗಳು ಮೆಮೊರಿಗೆ ಮುಗಿಬಿದ್ದು 2025ರ ಕೊನೆಯಲ್ಲಿ ಅದರ ದರ ಏರಿಸಿಬಿಟ್ಟವು. ಪೆಟ್ಟಿಗೆಯನ್ನು ಅಸಲಿನ ಆಸುಪಾಸಿಗೆ ಮಾರಿ, ಪ್ರತಿ ಆಟದ ಮಾರಾಟದಲ್ಲಿ ಸುಮಾರು ಶೇಕಡಾ 30 ಪಾಲು ತೆಗೆದುಕೊಂಡು ಲಾಭ ಮಾಡುವುದು ಈ ವ್ಯಾಪಾರದ ಹಳೆಯ ಪದ್ಧತಿ. ಅಸಲೇ ಏರಿದರೆ ಆ ಪದ್ಧತಿ ಅಲುಗಾಡುತ್ತದೆ. ಹಾಗಾಗಿ ‘ಮುಂದಿನ ವರ್ಷ ಇಳಿಯುತ್ತೆ’ ಅಂತ ಕಾಯಬೇಡಿ. ಹಬ್ಬದ ಆಫರ್‌ಗೆ ಕಾಯಿರಿ, ಸಾಕು.

ಇನ್ನು ‘ಈ ಆಟ ಈ ಪೆಟ್ಟಿಗೆಯಲ್ಲಿ ಮಾತ್ರ’ ಅನ್ನುವ ಬಿಗಿಯೂ ಸಡಿಲವಾಗಿದೆ. ಸೋನಿ 2020ರಿಂದ ತನ್ನ ಹಲವು ದೊಡ್ಡ ಆಟಗಳನ್ನು ಪಿಸಿಗೂ ತಂದಿದೆ. ಎಕ್ಸ್‌ಬಾಕ್ಸ್ ಕನ್ಸೋಲ್ ಮಾಡುವ ಮೈಕ್ರೋಸಾಫ್ಟ್‌ನ ಫೋರ್ಜಾ ಹೊರೈಜನ್ 5 ಆಟವು 2025ರ ಏಪ್ರಿಲ್‌ನಲ್ಲಿ ಪಿಎಸ್5ಗೇ ಬಂತು. ಪಟ್ಟು ಬಿಡದೆ ಕೂತಿರುವುದು ನಿಂಟೆಂಡೊ ಒಂದೇ. ಆದರೆ ಅದು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಸಿಗುವುದೆಲ್ಲ ಹೊರಗಿನಿಂದ ತಂದ ಮಾಲು. ಅದರ ಕನ್ಸೋಲ್ ಸ್ವಿಚ್ 2 ಅಗ್ಗಕ್ಕೆ ಸಿಕ್ಕಿತು ಅಂದರೆ ಬಾಕ್ಸ್ ತಿರುಗಿಸಿ ನೋಡಿ: ಜಪಾನ್‌ನ ಅಗ್ಗದ ಮಾದರಿಯಲ್ಲಿ ಜಪಾನಿ ಭಾಷೆ ಬಿಟ್ಟರೆ ಬೇರೆ ಬರುವುದಿಲ್ಲ, ಜಪಾನ್ ಖಾತೆಯೇ ಬೇಕು.

[ದೃಶ್ಯ: ತೋಟದ ನಡುವೆ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಕೇಬಲ್, ಪಕ್ಕದಲ್ಲೇ ಸಿಲ್ವರ್ ಓಕ್ ಕೊಂಬೆ]

‘ಪೆಟ್ಟಿಗೆ ಯಾಕೆ, ಕ್ಲೌಡ್‌ನಲ್ಲಿ ಆಡಬಹುದಲ್ಲ?’ ಅಂದರೆ ಆಟ ಓಡುವುದು ಕಂಪನಿಯ ದೂರದ ಕಂಪ್ಯೂಟರ್‌ನಲ್ಲಿ, ನಮಗೆ ನೆಟ್ಟಿನಲ್ಲಿ ಬರುವುದು ಚಿತ್ರ ಮಾತ್ರ. ಗೂಗಲ್ ಇದನ್ನೇ ಸ್ಟೇಡಿಯಾ ಅಂತ 2019ರಲ್ಲಿ ಶುರು ಮಾಡಿ 2023ರ ಜನವರಿಯಲ್ಲಿ ಮುಚ್ಚಿತು. ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರ್‌ನಲ್ಲಿ ಭಾರತಕ್ಕೆ ಬಂತು. ಒಳ್ಳೆಯ ಲೈನಿದ್ದರೆ ನಿಜಕ್ಕೂ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ. 20 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಆಡಿದರೆ 9 ಜಿಬಿ ಖರ್ಚು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಕಾಲು ಗಂಟೆಗೂ ಬರುವುದಿಲ್ಲ.

ಡೇಟಾಕ್ಕಿಂತ ದೊಡ್ಡ ತೊಂದರೆ ವಿಳಂಬ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಪಿಂಗ್, ಅಂದರೆ ಆ ಕಂಪ್ಯೂಟರ್‌ವರೆಗೆ ಸಂಕೇತ ಹೋಗಿ ಬರುವ ಸಮಯ, 70 ಮಿಲಿಸೆಕೆಂಡ್ ಇದ್ದರೆ ನೀವು ಒತ್ತಿದ್ದು ನಾಲ್ಕು ಫ್ರೇಮ್ ತಡವಾಗಿ ಕಾಣುತ್ತದೆ. ಕಾರ್ ರೇಸಿನಲ್ಲಿ ತಿರುವು ತಪ್ಪಲು ಅಷ್ಟು ಸಾಕು. ದೂರವನ್ನು ದೂರಬೇಡಿ, ಮಡಿಕೇರಿಯಿಂದ ಬೆಂಗಳೂರಿನ 250 ಕಿಲೋಮೀಟರನ್ನು ಫೈಬರ್ ಒಳಗಿನ ಬೆಳಕು ಒಂದೂಕಾಲು ಮಿಲಿಸೆಕೆಂಡ್‌ನಲ್ಲಿ ದಾಟುತ್ತದೆ. ಸಮಯ ತಿನ್ನುವುದು ಟವರ್, ವೈಫೈ ಮತ್ತು ಮಧ್ಯದ ಸುತ್ತುದಾರಿ. ಚಂದಾ ಕಟ್ಟುವ ಮುಂಚೆ ಮಳೆ ಬರುವ ದಿನ ರಾತ್ರಿ 8ರಿಂದ 10ರೊಳಗೆ ಲ್ಯಾಪ್‌ಟಾಪ್‌ನಲ್ಲಿ 200 ಸಲ ಪಿಂಗ್ ಓಡಿಸಿ. ಸರಾಸರಿ ನೋಡಬೇಡಿ, ಗರಿಷ್ಠ ನೋಡಿ. 40ರ ಸರಾಸರಿಯಲ್ಲಿ ಆಗಾಗ 200 ಕಂಡರೆ ಕ್ಲೌಡ್ ಆಸೆ ಬಿಡಿ.

[ತೆರೆಯ ಮೇಲೆ: 100 ಜಿಬಿ ಆಟ. 50 ಎಂಬಿಪಿಎಸ್: ನಾಲ್ಕೂವರೆ ಗಂಟೆ. 10 ಎಂಬಿಪಿಎಸ್: 22 ಗಂಟೆ]

ಡೌನ್‌ಲೋಡ್ ಮಾಡಿ ಇಟ್ಟುಕೊಂಡರಾಯಿತು ಅನ್ನುವವರು ಎರಡು ವಿಷಯ ನೋಡಿಕೊಳ್ಳಿ. ಒಂದು, ಜಾಗ. ಮೊದಲ ಪಿಎಸ್5ನಲ್ಲಿ 825 ಜಿಬಿ ಅಂತ ಬರೆದಿದ್ದರೂ ಬಳಕೆಗೆ ಸಿಗುವುದು 667. ಜಾಗ ಹೆಚ್ಚಿಸಲು ಎಂ.2 ಎಸ್‌ಎಸ್‌ಡಿ (ಪೆಟ್ಟಿಗೆಯೊಳಗೆ ಕೂರುವ ವೇಗದ ಸಂಗ್ರಹ ಕಾರ್ಡ್) ಹಾಕುವುದಾದರೆ ಜೆನ್4 ಎನ್‌ವಿಎಂಇ ಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಮೇಲೆ, ಹೀಟ್‌ಸಿಂಕ್ (ಬಿಸಿ ಎಳೆಯುವ ಲೋಹದ ಪಟ್ಟಿ) ಕಡ್ಡಾಯ, ಹೀಟ್‌ಸಿಂಕ್ ಸೇರಿ ದಪ್ಪ 11.25 ಮಿಲಿಮೀಟರ್ ಮೀರಬಾರದು. ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ ಪಿಎಸ್5 ಆಟವನ್ನು ಇಡಬಹುದು, ಅಲ್ಲಿಂದಲೇ ಆಡಲಾಗದು.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ಸೆಟ್ಟಿಂಗ್ಸ್‌ನಲ್ಲಿ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’ ಆನ್ ಇರಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಅದೇ ಕೆಲಸಕ್ಕೆ ‘ಹೋಮ್ ಎಕ್ಸ್‌ಬಾಕ್ಸ್’ ಆಯ್ಕೆ ಇದೆ. ಇಲ್ಲದಿದ್ದರೆ ಕಕ್ಕಡ ತಿಂಗಳ ಜಡಿಮಳೆಗೆ ಲೈನ್ ತುಂಡಾದ ದಿನ, ದುಡ್ಡು ಕೊಟ್ಟು ಕೊಂಡ ಆಟದ ಮೇಲೆ ಬೀಗದ ಚಿಹ್ನೆ ಕಾಣುತ್ತದೆ. ಡಿಸ್ಕ್‌ಗೆ ಈ ಕಾಟವಿಲ್ಲ. ಮೇಲಾಗಿ 4,999ರ ಆಟ ಮುಗಿಸಿ ಇನ್ನೊಬ್ಬರಿಗೆ ಮಾರಬಹುದು. ಡೌನ್‌ಲೋಡ್ ಮಾಡಿದ್ದನ್ನು ಮಾರಲಾಗದು. ಅಂಗಡಿ ಮುಚ್ಚಿದರೆ ಮತ್ತೆ ಕೊಳ್ಳಲೂ ಆಗದು. ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಹಾಗಂತ ಡಿಸ್ಕ್ ಇದ್ದರೆ ನೆಟ್ಟೇ ಬೇಡ ಅಂತಲ್ಲ. ಕೆಲವು ಡಿಸ್ಕ್‌ಗಳಲ್ಲಿ ಅರ್ಧ ಆಟವಷ್ಟೇ ಇರುತ್ತದೆ, ಸ್ವಿಚ್ 2ರ ‘ಗೇಮ್ ಕೀ ಕಾರ್ಡ್’ನಲ್ಲಿ ಆಟವೇ ಇರುವುದಿಲ್ಲ, ಬರೀ ಕೀಲಿ. ಪಿಎಸ್5 ಸ್ಲಿಮ್‌ಗೆ ಡಿಸ್ಕ್ ಡ್ರೈವನ್ನು ಬಿಡಿಯಾಗಿ ಕೊಂಡು ಜೋಡಿಸುವವರು ಮೊದಲ ಸಲ ನೆಟ್ಟಿಗೆ ಹೋಗಲೇಬೇಕು. ಆ ಕೆಲಸ ಮೇ ತಿಂಗಳೊಳಗೆ ಮುಗಿಸಿ.

[ದೃಶ್ಯ: ಹಂಚಿನ ಮನೆಯ ಹೊರಗೋಡೆಗೆ ಆನಿಸಿಟ್ಟ ಟಿವಿ ಸ್ಟ್ಯಾಂಡ್, ಗೋಡೆಯಲ್ಲಿ ತೇವದ ಕಲೆ]

ಈಗ ನಮ್ಮ ಊರಿನ ಅಸಲಿ ವೈರಿಗಳು. ತೇವ, ಮಿಂಚು, ಹೋಗಿ ಬರುವ ಕರೆಂಟು.

ಕನ್ಸೋಲನ್ನು ಹೊರಗೋಡೆಗೆ ಆನಿಸಬೇಡಿ, ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರವಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಮುಚ್ಚಿ ಇಟ್ಟುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ತೇವದ ದೂಳು ಹೀಟ್‌ಸಿಂಕ್‌ಗೆ ಅಂಟಿ ಗಟ್ಟಿಯಾಗುತ್ತದೆ, ಆಮೇಲೆ ಫ್ಯಾನ್ ಕೂಗಲು ಶುರು. ವಾರಕ್ಕೆರಡು ಸಲ ಅರ್ಧ ಗಂಟೆ ಓಡಿಸಿದರೆ ಒಳಗಿನ ಬಿಸಿಯೇ ಒಣಗಿಸುತ್ತದೆ. ಪಿಎಸ್5ನ ಪಕ್ಕದ ಪ್ಲೇಟ್ ತೆಗೆದರೆ ದೂಳು ಹಿಡಿಯುವ ಗುಂಡಿಗಳು ಕಾಣುತ್ತವೆ, ಅಲ್ಲಿಗೆ ವ್ಯಾಕ್ಯೂಮ್ ಹಿಡಿಯಿರಿ. ಅದಕ್ಕಿಂತ ಒಳಗೆ ಹೋಗಬೇಡಿ: ಪ್ರೊಸೆಸರ್ ಮೇಲಿರುವುದು ದ್ರವಲೋಹ, ಒಂದು ಹನಿ ಬೋರ್ಡಿಗೆ ಜಾರಿದರೆ ಶಾರ್ಟ್. ಡಿಸ್ಕ್‌ಗೆ ಬೂಷ್ಟು ಹಿಡಿದರೆ ಮೆತ್ತನೆಯ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಥಿನ್ನರ್ ಅಂತೂ ಬೇಡವೇ ಬೇಡ.

ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಲ್ಯಾನ್ ವೈರ್, ಎಚ್‌ಡಿಎಂಐ ಎರಡನ್ನೂ ಕೀಳಬೇಕು. ಫೈಬರ್ ಗಾಜಾದರೂ ರೂಟರ್‌ನ ಅಡಾಪ್ಟರ್ ಕರೆಂಟಿಗೇ ಸೇರಿದೆ. ಹೊಡೆತ ರೂಟರ್‌ನಿಂದ ಲ್ಯಾನ್ ಹಿಡಿದು, ಟಿವಿಯಿಂದ ಎಚ್‌ಡಿಎಂಐ ಹಿಡಿದು ಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಅರ್ಧ ಕೆಲಸವಷ್ಟೇ ಮಾಡೀತು.

ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ, ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಆ ಒಂದು ಚಣದಲ್ಲೇ ಕನ್ಸೋಲ್ ಆಫ್ ಆಗಬಹುದು. ಪಿಎಸ್5ಗೆ 200 ವ್ಯಾಟ್, ಟಿವಿಗೆ 100 ಅಂತಿಟ್ಟರೆ 150 ಎಎಚ್‌ನ ಒಳ್ಳೆಯ ಬ್ಯಾಟರಿ ಮೂರು ಗಂಟೆ ಹತ್ತಿರ ತಡೆಯುತ್ತದೆ. ಫ್ರಿಜ್ಜೂ ಅದರಲ್ಲೇ ಇದ್ದರೆ ಆ ಲೆಕ್ಕ ಮರೆಯಿರಿ. ರೆಸ್ಟ್ ಮೋಡ್‌ನಲ್ಲಿ (ಅರೆನಿದ್ದೆಯಲ್ಲಿ) ಬಿಟ್ಟು ಮಲಗಬೇಡಿ, ಪೂರ್ತಿ ಆಫ್ ಮಾಡಿ. ಕರೆಂಟು ಹೊಡೆದ ಮೇಲೆ ಆಟಗಳು ತೆರೆಯದಿದ್ದರೆ, ಆಫ್ ಆಗಿರುವಾಗ ಪವರ್ ಬಟನ್ ಒತ್ತಿಹಿಡಿಯಿರಿ. ಸುಮಾರು 7 ಸೆಕೆಂಡಿಗೆ ಎರಡನೇ ಬೀಪ್ ಬರುತ್ತದೆ, ಬಿಡಿ. ಕಂಟ್ರೋಲರನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ, ತೆರೆಯುವ ಸೇಫ್ ಮೋಡ್ ಪಟ್ಟಿಯ 5ನೇ ಆಯ್ಕೆಯಲ್ಲಿ ಡೇಟಾಬೇಸ್ ರೀಬಿಲ್ಡ್ ಮಾಡಿ. ಆಟ, ಸೇವ್ ಏನೂ ಅಳಿಯುವುದಿಲ್ಲ. 6, 7 ಮುಟ್ಟಬೇಡಿ, ಅವು ಎಲ್ಲವನ್ನೂ ಅಳಿಸುತ್ತವೆ.

[ದೃಶ್ಯ: ಹಳೆಯ ಪಿಎಸ್5, ಎಚ್‌ಡಿಎಂಐ ಪೋರ್ಟ್ ಹತ್ತಿರದಿಂದ]

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವರ ಮನೆಯಲ್ಲೇ ಕೂತು ಒಂದು ದೊಡ್ಡ ಆಟವನ್ನು 40 ನಿಮಿಷ ಓಡಿಸಿ. ಬಿಸಿಗೆ ತಾನಾಗಿ ಆಫ್ ಆಗುವ ಕನ್ಸೋಲ್ ಮೊದಲ ಹತ್ತು ನಿಮಿಷ ಸಭ್ಯವಾಗಿಯೇ ಇರುತ್ತದೆ. ಎಚ್‌ಡಿಎಂಐ ವೈರನ್ನು ಮೆಲ್ಲಗೆ ಅಲುಗಿಸಿ. ಚಿತ್ರ ಮಿನುಗಿದರೆ ಪೋರ್ಟ್ ಸಡಿಲ. ಡಿಸ್ಕನ್ನು ಮೂರು ನಾಲ್ಕು ಸಲ ಹಾಕಿ ತೆಗೆಯಿರಿ. ಸ್ಕ್ರೂ ತಲೆ ಸವೆದಿದ್ದರೆ ಯಾರು, ಯಾಕೆ ಬಿಚ್ಚಿದರು ಅಂತ ಕೇಳಿ. ಕೊನೆಗೆ ರೀಸೆಟ್ ಮಾಡಿಸಿ, ನಿಮ್ಮ ಖಾತೆಯಿಂದ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಲಾಗಿನ್ ಆಗಿ. ಕನ್ಸೋಲನ್ನೇ ನಿಷೇಧಿಸಲಾಗಿದೆ ಅನ್ನುವ ಸಂದೇಶ ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ ಅಂದು ಎದ್ದು ಬನ್ನಿ.