ಹರಳಿನೊಳಗೆ ಬೆಳೆಯುವ ಅಲೆ

ಕೇಳುಗರಿಗೆ ನಮಸ್ಕಾರ.

ಪ್ಲಾಸ್ಮಾ ಅಂದ ಕೂಡಲೇ ಸೂರ್ಯ, ಮಿಂಚು ನೆನಪಾಗುತ್ತವೆ, ಅಲ್ವಾ? ಸುಮ್ನೆ ಮೇಜಿನ ಮೇಲೆ ಕೂತಿರುವ ಅರೆವಾಹಕದ (ಸೆಮಿಕಂಡಕ್ಟರ್) ಹರಳಿನಲ್ಲೂ ಒಂದು ಬಗೆಯ ಪ್ಲಾಸ್ಮಾ ಇದೆ. ವಿದ್ಯುದಾವೇಶ ಹೊತ್ತ ಕಣಗಳು ಬಿಡಿಬಿಡಿಯಾಗಿ ಓಡಾಡುವ ಗುಂಪೇ ಪ್ಲಾಸ್ಮಾ. ಹರಳಿನಲ್ಲಿ ಹಾಗೆ ಎಲೆಕ್ಟ್ರಾನುಗಳು ಓಡಾಡಿಕೊಂಡಿರುತ್ತವೆ. ಅವು ಒಂದೆಡೆ ಗುಂಪುಗೂಡಿದರೆ ಒಂದನ್ನೊಂದು ತಳ್ಳುತ್ತವೆ, ಅಲೆ ಏಳುತ್ತದೆ. ಸಾಮಾನ್ಯವಾಗಿ ಆ ಅಲೆ ಬೇಗ ಅಡಗುತ್ತದೆ. ಅಡಗದೆ ಬೆಳೆಯುತ್ತಲೇ ಹೋದರೆ ಅದನ್ನು ಅಸ್ಥಿರತೆ ಅನ್ನುತ್ತಾರೆ.

ಬೆಳೆಯಲು ಶಕ್ತಿ ಎಲ್ಲಿಂದ ಬರುತ್ತದೆ? ಹರಿಯುವ ಕರೆಂಟಿನಿಂದಲೇ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಹಟ್ಸನ್, ಮೆಕ್‌ಫೀ ಮತ್ತು ವೈಟ್ ಇದನ್ನು ತೋರಿಸಿದರು. ಕ್ಯಾಡ್ಮಿಯಂ ಸಲ್ಫೈಡ್ ಹರಳಿನೊಳಗೆ ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದ ಹಾಯಿಸಿದರು. ಎಲೆಕ್ಟ್ರಾನುಗಳು ಶಬ್ದಕ್ಕಿಂತ ನಿಧಾನವಾಗಿ ಸಾಗಿದರೆ ಶಬ್ದ ಕುಗ್ಗುತ್ತದೆ. ವೋಲ್ಟೇಜ್ ಏರಿಸಿದಾಗ ಅವು ಶಬ್ದವನ್ನೂ ಹಿಂದೆ ಹಾಕಿದವು. ಆಗ ಶಬ್ದ ಜೋರಾಯಿತು! ಅಲೆಗಿಂತ ಜೋರಾಗಿ ಗಾಳಿ ಬೀಸಿದರೆ ಕೆರೆಯ ಅಲೆ ಉಬ್ಬುತ್ತದಲ್ಲ, ಹಾಗೆ.

ಇನ್ನು ಕ್ವಾಂಟಮ್ ವಿಷಯ. ನನಗೆ ಜಾಸ್ತಿ ಸ್ವಾರಸ್ಯ ಕಾಣುವುದು ಇಲ್ಲೇ. ಎಲೆಕ್ಟ್ರಾನು ಬರೀ ಕಣವಲ್ಲ, ಅಲೆಯೂ ಹೌದು. ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದೊಳಗೆ ಅದು ತನ್ನ ನಿಜವಾದ ತೂಕದ 0.067 ಪಾಲು ಮಾತ್ರ ಇದ್ದಂತೆ ವರ್ತಿಸುತ್ತದೆ. ಹಗುರವಾದಷ್ಟೂ ಅದರ ಅಲೆ ಉದ್ದ. ಕೋಣೆಯ ಬಿಸಿಯಲ್ಲಿ ಆ ಉದ್ದ ಸುಮಾರು 17 ನ್ಯಾನೊಮೀಟರ್. ಒಂದು ಘನ ಸೆಂಟಿಮೀಟರಿನಲ್ಲಿ 1ರ ಮುಂದೆ 18 ಸೊನ್ನೆಯಷ್ಟು ಎಲೆಕ್ಟ್ರಾನು ತುಂಬಿದರೆ, ಅಕ್ಕಪಕ್ಕದವುಗಳ ನಡುವೆ ಉಳಿಯುವುದು ಸುಮಾರು 10 ನ್ಯಾನೊಮೀಟರ್. ಅಂದರೆ ಒಂದರ ಅಲೆ ಪಕ್ಕದ್ದರ ಮೇಲೆ ಹಾಯುತ್ತದೆ. ಲೋಹಗಳಲ್ಲಿ ಇದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಎಲೆಕ್ಟ್ರಾನುಗಳಿವೆ. ಕ್ವಾಂಟಮ್ ಪರಿಣಾಮ ಕಾಣಲು ಇಲ್ಲಿ ಅಷ್ಟೊಂದು ಬೇಕಿಲ್ಲ, ಹಗುರತನವೇ ಕೆಲಸ ಮಾಡುತ್ತದೆ.

ಇದರಿಂದ ಅಸ್ಥಿರತೆಗೆ ಏನಾಗುತ್ತದೆ? ಚಿಕ್ಕ ಜಾಗಕ್ಕೆ ಒತ್ತಿದಷ್ಟೂ ಎಲೆಕ್ಟ್ರಾನು ಹರಡಿಕೊಳ್ಳಲು ನೋಡುತ್ತದೆ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನು ಇರಬಾರದೆಂಬ ಪೌಲಿ ನಿಯಮ ಬೇರೆ. ಹಾಗಾಗಿ ಗಿಡ್ಡ ಪ್ಲಾಸ್ಮಾ ಅಲೆಗಳಿಗೆ ಸಾಮಾನ್ಯವಾಗಿ ಕಡಿವಾಣ ಬೀಳುತ್ತದೆ. ಉದ್ದದ ಅಲೆಗಳಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ.

ಎಂಜಿನಿಯರುಗಳಿಗೆ ಈ ಅಸ್ಥಿರತೆ ಬೇಕೇ ಬೇಕು. 1993ರಲ್ಲಿ ಡ್ಯಾಕೊನೊವ್ ಮತ್ತು ಷುರ್, ಪುಟ್ಟ ಟ್ರಾನ್ಸಿಸ್ಟರಿನ ಎರಡು ತುದಿಗಳ ನಡುವೆ ಪ್ಲಾಸ್ಮಾ ಅಲೆ ಬಡಿದಾಡಿ ಬೆಳೆದು ಟೆರಾಹರ್ಟ್ಸ್ ವಿಕಿರಣ (ಸೆಕೆಂಡಿಗೆ ಲಕ್ಷ ಕೋಟಿ ಸಲದಷ್ಟು ಕಂಪಿಸುವ ಅಲೆ) ಹೊಮ್ಮಿಸಬಹುದು ಎಂದು ಲೆಕ್ಕ ಹಾಕಿದರು. ಇಂಥ ಟ್ರಾನ್ಸಿಸ್ಟರುಗಳು ಆ ವಿಕಿರಣವನ್ನು ಹಿಡಿಯುವ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ. ಹೊಮ್ಮಿಸುವುದರಲ್ಲಿ ಮಾತ್ರ ಇನ್ನೂ ಸೊರಗಿವೆ. ನಮಸ್ಕಾರ.